ಪೂಜೆಯಾದ ಮೇಲೆ ಒಂದು ಸುತ್ತು

ನಮ್ಮ ಹುಬ್ಬಳ್ಳಿಯಲ್ಲಿ ಖಂಡೇನವಮಿಯಂದು, ಎಂದರೆ ಆಯುಧಪೂಜೆಯ ದಿನ, ಪೂಜೆಗೊಂಡ ವಾಹನವನ್ನು ನಿಂತಲ್ಲೇ ಬಿಡುವ ಪದ್ಧತಿಯಿಲ್ಲ. ಹಳೇ ಹುಬ್ಬಳ್ಳಿಯ ಓಣಿಯ ಆಟೋ ಇರಲಿ, ಕೇಶ್ವಾಪುರದ ವೈದ್ಯರ ಕಾರು ಇರಲಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಒಂದು ಸುತ್ತು ಹೊಡೆದು ತಂದರೇ ಪೂಜೆ ಮುಗಿದಂತೆ. ಆಟೋ ಸುತ್ತು ಹೊಡೆದರೆ ಯಾರಿಗೂ ಕೇಡಿಲ್ಲ. ಅದೇ ಪದ್ಧತಿಯನ್ನು ವಿಮಾನಕ್ಕೂ ಅನ್ವಯಿಸಿ, ಮೋಡ ತಲೆಗೆ ತಗಲುವಷ್ಟು ಇಳಿದಿದ್ದ ಬೆಳಿಗ್ಗೆ ಅದನ್ನು ಮೇಲೆತ್ತಿದ್ದು ತಪ್ಪು. ಆ ವಿಮಾನದಲ್ಲಿ ನಾನೂ ಕುಳಿತಿದ್ದೆ. ಅಂದಿನ ತಪ್ಪುಗಳು ಒಂದೆರಡಲ್ಲ. ಎಲ್ಲವನ್ನೂ ಇಲ್ಲಿ ಹೇಳುತ್ತೇನೆ. ಏಕೆಂದರೆ ಆಮೇಲೆ ಊರು ಅವೆಲ್ಲವನ್ನೂ ಬಿಟ್ಟು, ತಪ್ಪೇ ಅಲ್ಲದ ಒಂದು ಸಂಗತಿಯನ್ನು ಮಾತ್ರ ಹೆಕ್ಕಿಕೊಂಡಿತು.

ವಿಮಾನ ಒಂದು ಸಣ್ಣ ಹಾರಾಟ ಕ್ಲಬ್ಬಿಗೆ ಸೇರಿದ್ದು. ನವಲಗುಂದದ ದಾರಿಯಲ್ಲಿ, ಕರಿ ನೆಲದ ಹೊಲಗಳ ನಡುವೆ ಅದರದೊಂದು ರನ್‌ವೇ, ತಗಡಿನ ಶೆಡ್ಡು, ಮೇಲೊಂದು ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ. ಅಲ್ಲಿ ಹಾರಾಟ ಕಲಿಸುವವರು ನನ್ನ ಕಾಕಾ, ಎಂದರೆ ತಂದೆಯ ತಮ್ಮ. ಬದುಕಿನ ಬಹುಪಾಲನ್ನು ಆಕಾಶದಲ್ಲಿ ಕಳೆದು, ನಿವೃತ್ತರಾಗಿ ಊರಿಗೆ ಮರಳಿದವರು. ನಾನು ವಿದ್ಯಾನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಉಳಿದ ಹೊತ್ತಿನಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ಮೇಲೆ ಹೇರಿದ ನಿಷೇಧಗಳ ವಿರುದ್ಧ ಗೆಳತಿಯರ ಜೊತೆ ಸೇರಿ ಕೆಲಸ ಮಾಡುತ್ತೇನೆ. ನಲವತ್ತು ದಾಟಿದ ಮೇಲೆ ಹಾರುವುದನ್ನು ಕಲಿಯಲು ಹೊರಟಾಗ ನಕ್ಕವರೇ ಹೆಚ್ಚು. ಕಾಕಾ ನಗಲಿಲ್ಲ.

ನಾನು ಓದಿದ್ದು ಧಾರವಾಡದ ಒಂದು ಪುಟ್ಟ ಶಾಲೆಯಲ್ಲಿ. ಅಲ್ಲಿ ಬೆಳಗಿನ ಪ್ರಾರ್ಥನೆಯ ಬದಲು ಪ್ರಶ್ನೆ ಕೇಳುವ ಅವಧಿಯಿತ್ತು. ಯಾರು ಬೇಕಾದರೂ ಎದ್ದು ನಿಂತು, ತಾನು ಕಂಡ ಅನ್ಯಾಯವನ್ನು ಹೆಸರಿಟ್ಟು ಹೇಳಬಹುದಿತ್ತು. ಹೆಸರಿಡದ ಅನ್ಯಾಯ ರೂಢಿಯಾಗಿ ಉಳಿದುಬಿಡುತ್ತದೆ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಆ ಪಾಠವನ್ನು ನಾನು ಇವತ್ತಿಗೂ ಮರೆತಿಲ್ಲ.

ಅಪ್ಪ ತೀರಿಕೊಂಡ ದಿನ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ನಾನು ಬಂದು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಓಣಿಯ ಹೆಂಗಸರು ಅವ್ವನನ್ನು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ, ಬಳೆ ಒಡೆದು, ಹಣೆಯ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದರು. ಕಾಕಾ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಅವ್ವ ಅವರಿಗೆ ವೈನಿ, ಅಣ್ಣನ ಹೆಂಡತಿ. ತಾಯಿಯಿಲ್ಲದ ಅವರನ್ನು ಬೆಳೆಸಿದವಳು ಅವಳೇ. ಬಿರುಗಾಳಿಯಲ್ಲಿ ವಿಮಾನ ಇಳಿಸಿದ ಮನುಷ್ಯ ಅಂದು ಒಂದು ಮಾತೂ ಆಡದೆ ನಿಂತಿದ್ದರು. ಆ ಮೌನದ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ.

ಹಾಗಾಗಿ, ಆ ವರ್ಷ ಕ್ಲಬ್ಬಿನಲ್ಲಿ ವಿಮಾನದ ಪೂಜೆ ಎಂದಾಗ, ಕುಂಕುಮ ಹಚ್ಚುವುದು ಅವ್ವನೇ ಆಗಬೇಕೆಂದು ನಾನು ಹಟ ಹಿಡಿದೆ. ಯಂತ್ರಕ್ಕೆ ಪೂಜೆ ಬೇಕೆಂದು ನಾನು ನಂಬುವುದಿಲ್ಲ. ಆದರೆ ಪೂಜೆ ನಡೆಯುವುದೇ ಆದರೆ, ಅದರಿಂದ ಒಬ್ಬ ಹೆಂಗಸನ್ನು ಹೊರಗಿಡುವುದನ್ನು ನಾನು ಒಪ್ಪಲಾರೆ.

“ನಾ ವಲ್ಲೆ,” ಎಂದಳು ಅವ್ವ. “ಹಬ್ಬದ ದಿವಸ ಮಂದಿ ಬಾಯಿಗೆ ಬೀಳೂದು ಬ್ಯಾಡ.”

“ಯಾವ ಮಂದಿ ಅವ್ವಾ? ನಮ್ಮ ಮನ್ಯಾಗ ಹೋಳಿಗಿ ಉಂಡು ಕೈ ತೊಳಕೊಂಡು ಹೋದ ಮಂದೀನ?”

“ನಿನ್ನ ಸಾಲ್ಯಾಗ ಮಾತಾಡೂದು ಕಲಿಸ್ಯಾರ. ಕೇಳಿಸಿಕೊಳ್ಳೂ ಪಾಳಿ ನನಗ ಬರತೈತಿ.”

ಕಾಕಾ ನಕ್ಕರು. “ಬರ್ರಿ ವೈನಿ. ಯಾರು ಮುತ್ತೈದಿ, ಯಾರು ಅಲ್ಲ ಅನ್ನೂದು ಆ ಮಷೀನಿಗೆ ಗೊತ್ತಾಗೂದಿಲ್ಲ. ಅದಕ್ಕ ಪೆಟ್ರೋಲ್ ಒಂದು ಗೊತ್ತು.”

ಅವ್ವ ಬಂದಳು. ಟ್ರಂಕಿನಡಿಯಲ್ಲಿ ಇಟ್ಟಿದ್ದ ತನ್ನ ಹಿತ್ತಾಳೆಯ ಕುಂಕುಮದ ಕರಡಿಗೆಯನ್ನೇ ತಂದಳು. ಕ್ಲಬ್ಬಿನ ಅಧ್ಯಕ್ಷರ ಹೆಂಡತಿ, ರೇಷ್ಮೆ ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ, ಸಿಹಿಯಾಗಿಯೇ ಹೇಳಿದರು: “ಅಕ್ಕಾರ, ನೀವು ಹೂ ಏರಸ್ರಿ. ಕುಂಕುಮ ನಾವು ಹಚ್ಚತೀವಲ್ಲ. ಶಾಸ್ತ್ರ ಅಂತ ಒಂದು ಇರತೈತಿ ನೋಡ್ರಿ.”

“ಶಾಸ್ತ್ರಕ್ಕ ಹಾರೂದು ಬರೂದಿಲ್ರಿ, ನಮ್ಮ ಕಾಕಾಗ ಬರತೈತಿ. ಅವರೇ ಹಚ್ಚು ಅಂದಾರ,” ಎಂದೆ. ಅವರು ಮುಖ ತಿರುಗಿಸಿದರು. 

ಅವ್ವ ಗಂಧದಲ್ಲಿ ಅರಿಶಿನ ಕುಂಕುಮ ಕಲಸಿ, ಮೊದಲು ಮುಂದಿನ ಫ್ಯಾನಿಗೆ ಹಚ್ಚಿದಳು. ಆಮೇಲೆ ರೆಕ್ಕೆಗೆ, ಚಕ್ರಕ್ಕೆ, ಬಾಗಿಲಿಗೆ. ವಿಮಾನದ ಎಡ ಮಗ್ಗುಲಿನಲ್ಲಿ, ಬಾಗಿಲಿಗಿಂತ ಮುಂದೆ, ರೂಪಾಯಿಯಗಲದ ಒಂದು ಹೊಳೆಯುವ ಬಿಲ್ಲೆಯಿದೆ. ಅದರ ನಡುವೆ ಸೂಜಿ ಹೋಗುವಷ್ಟು ಸಣ್ಣ ತೂತು. ನೋಡಿದರೆ ಬೊಟ್ಟಿಗಾಗಿ ಕಾದಿರುವ ಹಣೆಯಂತೆಯೇ ಇದೆ. ಅವ್ವ ಅಲ್ಲಿ ಒಂದು ಗಳಿಗೆ ನಿಂತು, ಎಲ್ಲಕ್ಕಿಂತ ದುಂಡಗಿನ, ಎಲ್ಲಕ್ಕಿಂತ ದಪ್ಪನೆಯ ಬೊಟ್ಟನ್ನು ಇಟ್ಟಳು. ಅವಳಿಗೆ ಆ ತೂತಿನ ಬಗ್ಗೆ ಯಾರೂ ಹೇಳಿರಲಿಲ್ಲ. ಇಷ್ಟು ಜನ ತಿಳಿದವರಿದ್ದೂ ಹೇಳದಿದ್ದದ್ದು ತಪ್ಪು. ನಾನಾಗ ಹಿಂದಿನ ರೆಕ್ಕೆಯ ಬಳಿ ಹೂವಿನ ಸರ ಬಿಚ್ಚುತ್ತಿದ್ದೆ, ಕಂಡಿರಲಿಲ್ಲ.

ಇನ್ನು ಉಳಿದದ್ದು ಆ ಒಂದು ಸುತ್ತು. ಮೋಡ ಕೆಳಗಿತ್ತು. “ಬಿಸಲ ಬೀಳಲಿ, ಮಧ್ಯಾಹ್ನಕ ನೋಡೋಣು,” ಎಂದರು ಕಾಕಾ. ಅಧ್ಯಕ್ಷರು ಒಪ್ಪಲಿಲ್ಲ. “ಮುಹೂರ್ತ ಮೀರತೈತ್ರಿ. ಉಣಕಲ್ ಕೆರಿ ತನಕ ಹೋಗಿ ತಿರುಗಿಸಿಕೊಂಡು ಬಂದುಬಿಡ್ರಿ. ನೀವು ಇಂಥಾ ಮೋಡ ಎಷ್ಟು ನೋಡೀರಿ!” ಹೊಗಳಿಕೆಯಿಂದ ಒತ್ತಾಯಿಸುವುದು ನಮ್ಮ ಊರಿನ ಹಳೆಯ ಚಾಳಿ. ಕಾಕಾ ಅದಕ್ಕೆ ಮಣಿದು, ಒರೆಸುವ ಬಟ್ಟೆ ಹಿಡಿದು ವಿಮಾನದ ಸುತ್ತ ಒಮ್ಮೆ ನೋಡಿ ಬಂದರು. ಪೂಜೆಯಾದ ವಾಹನವೆಂದು ಇಬ್ಬರೂ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹತ್ತಿದೆವು. ಚಿತ್ರ ತೆಗೆಯುತ್ತೇನೆಂದು ಅವ್ವ ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡಳು. ಕಾಕಾ ಬಳಸುವುದು ಗುಂಡಿ ಒತ್ತುವ ಹಳೆಯ ಫೋನು. ವಿಮಾನದ ದಾರಿ ತೋರಿಸುವ ಪರದೆ ರಿಪೇರಿಗೆ ಹೋಗಿ ಬಹಳ ಕಾಲವಾಗಿತ್ತು. ಅದರ ಜಾಗಕ್ಕೆ ಒಂದು ತಗಡಿನ ತುಂಡನ್ನು ತಿರುಪು ಹಾಕಿ ಕೂರಿಸಿದ್ದರು. ಬೆಂಕಿ ಆರಿಸುವ ಸಿಲಿಂಡರಿನ ಹಿಡಿಕೆ ಖಾಲಿಯಿತ್ತು. ಇವನ್ನೆಲ್ಲ ನಾನು ಹಿಂದೆಯೇ ಬರೆದುಕೊಟ್ಟಿದ್ದೆ. ಉತ್ತರ ಬಂದಿರಲಿಲ್ಲ.

ಮೇಲೆದ್ದಾಗ ಎಲ್ಲ ಸರಿಯಾಗಿತ್ತು. ಹೊಲಗಳು, ಊರ ಅಂಚಿನ ಗೋದಾಮುಗಳು, ರೈಲು ಹಳಿ, ಮುಂದೆ ಉಣಕಲ್ ಕೆರೆಯ ಬೂದು ನೀರು. ಕೆರೆಯ ಆಚೆ ನೃಪತುಂಗ ಬೆಟ್ಟ ಇರಬೇಕಾದಲ್ಲಿ ಬಿಳಿ ಗೋಡೆಯಿತ್ತು. ಕಾಕಾ ತಿರುಗಿಸಿದರು. ತಿರುಗಿ ನೋಡಿದರೆ ಬಂದ ದಾರಿಯೂ ಬಿಳಿಯಾಗಿತ್ತು. ಮರುಕ್ಷಣ ಕಿಟಕಿಯ ಹೊರಗೆ ಏನೂ ಉಳಿಯಲಿಲ್ಲ.

ಮೋಡದ ಒಳಗೆ ಹೋಗದವರಿಗೆ ಅದನ್ನು ಹೇಳುವುದು ಕಷ್ಟ. ಕತ್ತಲೆಯಲ್ಲಾದರೆ ಕಾಣುತ್ತಿಲ್ಲ ಎಂದು ಗೊತ್ತಿರುತ್ತದೆ. ಇಲ್ಲಿ ಬೆಳಕು ತುಂಬಿರುತ್ತದೆ, ಆದರೂ ಮೇಲೆ ಕೆಳಗೆ ಎಂಬುದು ಅಳಿಸಿಹೋಗುತ್ತದೆ. ವಿಮಾನ ನೆಟ್ಟಗೆ ಹೋಗುತ್ತಿದ್ದರೂ ಬಲಕ್ಕೆ ಉರುಳುತ್ತಿದೆ ಎಂದು ಮೈ ಕೂಗುತ್ತದೆ. ಆ ಕೂಗನ್ನು ನಂಬಿದವರು ನೆಲಕ್ಕೆ ಬೀಳುತ್ತಾರೆ. ನಂಬಬೇಕಾದದ್ದು ಎದುರಿನ ಮುಳ್ಳುಗಳನ್ನು ಮಾತ್ರ ಎಂದು ಕಾಕಾ ನನಗೆ ಮೊದಲ ಪಾಠದಲ್ಲೇ ಕಲಿಸಿದ್ದರು.

“ಮ್ಯಾಲೆ ಹೋಗೋಣು,” ಎಂದರು ಕಾಕಾ. “ಈ ಕಡೆ ಗುಡ್ಡ, ಟವರು ಬಹಳ ಅದಾವ. ಎತ್ತರ ಇದ್ರ ಜೀವ.”

ಏರತೊಡಗಿದೆವು. ಮೋಡದ ತೇವ ಗಾಜಿನ ಮೇಲೆ ಹನಿಯಾಗಿ ಹಿಂದಕ್ಕೆ ಓಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ವೇಗ ತೋರಿಸುವ ಮುಳ್ಳು ಇಳಿಯತೊಡಗಿತು. ವೇಗ ತೀರ ಕಡಿಮೆಯಾದರೆ ರೆಕ್ಕೆ ಗಾಳಿಯನ್ನು ಹಿಡಿಯಲಾರದೆ ವಿಮಾನ ಕಲ್ಲಿನಂತೆ ಬೀಳುತ್ತದೆ. ಕಾಕಾ ಮೂತಿಯನ್ನು ಕೆಳಗೆ ಒತ್ತಿದರು. ಇಂಜಿನ್ನಿನ ದನಿ ಏರಿತು, ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕಿತು. ಆದರೂ ವೇಗದ ಮುಳ್ಳು ಸರಿಯಾಗಿ ಚೇತರಿಸಿಕೊಳ್ಳಲಿಲ್ಲ. ಕಾಕಾ ಇನ್ನಷ್ಟು ಒತ್ತಿದರು.

ನಾನು ಎತ್ತರದ ಮುಳ್ಳನ್ನು ನೋಡಿದೆ. ಮೋಡ ಹೊಕ್ಕಾಗ ಎಲ್ಲಿತ್ತೋ ಅಲ್ಲೇ ಇತ್ತು. ನಾವು ಏರಿದ್ದು ಅದಕ್ಕೆ ಗೊತ್ತಿರಲಿಲ್ಲ, ಈಗ ಇಳಿಯುತ್ತಿರುವುದೂ ಗೊತ್ತಿರಲಿಲ್ಲ. ಅದರ ಕೆಳಗಿನ ಏರಿಳಿತದ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

“ಕಾಕಾ, ಎತ್ತರದ ಮುಳ್ಳು ಸತ್ತೈತಿ! ಮೂತಿ ಎತ್ತರಿ! ನಾವು ಇಳಿಯಾಕತ್ತೇವಿ!”

ಅವರು ಎತ್ತಿದರು. ಕೃತಕ ದಿಗಂತ ತೋರಿಸುವ ಗುಂಡನೆಯ ಯಂತ್ರವೊಂದು ಸರಿಯಿತ್ತು, ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಸರಿಯಿತ್ತು, ದಿಕ್ಸೂಚಿ ಸರಿಯಿತ್ತು. ಅವುಗಳ ಆಸರೆಯಲ್ಲಿ ವಿಮಾನವನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ ಹುಬ್ಬಳ್ಳಿ ವಿಮಾನ ನಿಲ್ದಾಣದ ಟವರಿಗೆ ಸಂಕಟ ತಿಳಿಸಿದರು. ಅಲ್ಲಿಂದ ಶಾಂತವಾದ ದನಿಯೊಂದು ನ್ಯಾಯವಾದ ಪ್ರಶ್ನೆಯನ್ನೇ ಕೇಳಿತು: ಈಗ ಎಷ್ಟು ಎತ್ತರದಲ್ಲಿದ್ದೀರಿ?

ಕಾಕಾ ರೇಡಿಯೋದ ಗುಂಡಿ ಒತ್ತಿ ಹಿಡಿದು, ಎತ್ತರದ ಮುಳ್ಳನ್ನು ಮತ್ತೊಮ್ಮೆ ನೋಡಿದರು. “ಗೊತ್ತಿಲ್ಲ,” ಎಂದರು. ಅಷ್ಟು ವರ್ಷದ ಹಾರಾಟದಲ್ಲಿ ಅವರು ಆ ಉತ್ತರ ಕೊಟ್ಟದ್ದು ಅದೇ ಮೊದಲಿರಬೇಕು. 

ಎತ್ತರ, ವೇಗ, ಏರಿಳಿತ. ಈ ಮೂರು ಮುಳ್ಳುಗಳಿಗೂ ಹೊರಗಿನ ಗಾಳಿಯ ಒತ್ತಡ ತಿಳಿಯುವುದು ಎಡ ಮಗ್ಗುಲಿನ ಆ ಒಂದೇ ತೂತಿನಿಂದ. ಅದು ಮುಚ್ಚಿದರೆ ಮೂರೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಏರುವಾಗ ವೇಗ ಕಡಿಮೆ ತೋರುತ್ತದೆ. ಅದಕ್ಕೆ ಹೆದರಿ ಮೂತಿ ಒತ್ತಿದರೆ ನೆಲ ಹತ್ತಿರವಾಗುತ್ತದೆ, ಎತ್ತರದ ಮುಳ್ಳು ಅದನ್ನು ಹೇಳುವುದಿಲ್ಲ. ಹೊಸ ವಿಮಾನಗಳಲ್ಲಿ ಎರಡನೆಯ ದಾರಿಯೊಂದನ್ನು ತೆರೆಯುವ ಗುಂಡಿಯಿರುತ್ತದೆ. ನಮ್ಮ ಹಳೆಯದರಲ್ಲಿ ಇರಲಿಲ್ಲ, ಹಾಕಿಸಬಹುದಿತ್ತು, ಹಾಕಿಸಿರಲಿಲ್ಲ.

“ತೂತು ಮುಚ್ಚೈತಿ,” ಎಂದೆ. “ವಿಮಾನ ಹತ್ತೂ ಮುಂದ ನೋಡಿದ್ರಿಲ್ಲ ನೀವು?”

ಕಾಕಾ ಎದುರಿನ ಯಂತ್ರದಿಂದ ಕಣ್ಣು ತೆಗೆಯಲಿಲ್ಲ. “ನೋಡಿದ್ನಿ.”

“ನೋಡಿ?”

“ಕುಂಕುಮ ಇತ್ತು. ವೈನಿ ಹಚ್ಚಿದ್ದು. ಒಣಗಿ ಬಿರುಕು ಬಿಟ್ಟಿತ್ತು, ಗಾಳಿ ಆಡತೈತಿ ಅನಕೊಂಡ್ನಿ. ಈಗ ಮೋಡದ ನೀರು ಕುಡದು ಕೆಸರಾಗಿ ಕೂತಿರಬೇಕು.”

“ಒರಸಬೇಕಿತ್ತು ಕಾಕಾ! ಬಟ್ಟಿ ನಿಮ್ಮ ಕೈಯಾಗ ಇತ್ತಲ್ಲ!”

“ಇತ್ತು ತಂಗಿ. ಬಟ್ಟಿ ತಗೊಂಡು ಅಲ್ಲಿ ತನಕ ಕೈ ಒಯ್ದಿದ್ನಿ.” ಅವರು ಮೂತಿಯನ್ನು ಒಂದಿಷ್ಟು ಸರಿಪಡಿಸಿದರು. “ಹಿತ್ತಲದಾಗ ಅವರು ಕೂತಿದ್ದು ಕಣ್ಣಿಗೆ ಬಂತು. ಆಗಲಿಲ್ಲ.”

ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಇಂದಿಗೂ ನಾನು ಹಿಂತೆಗೆದುಕೊಂಡಿಲ್ಲ. ಒಂದು ಕ್ರೂರ ಪದ್ಧತಿಯ ಎದುರು ಸುಮ್ಮನಿದ್ದವರ ಪಶ್ಚಾತ್ತಾಪ, ಬೇರೆ ದಿನ, ಬೇರೆ ಜಾಗದಲ್ಲಿ, ಮೃದುತನವಾಗಿ ಹೊರಬರುತ್ತದೆ. ಆ ಮೃದುತನವೂ ಜೀವ ತೆಗೆಯಬಲ್ಲದು.

ಸಿಟ್ಟಿನ ಹಿಂದೆಯೇ ಇನ್ನೊಂದು ಯೋಚನೆ ಬಂತು, ಅದು ಸಾವಿನ ಭಯಕ್ಕಿಂತ ಗಟ್ಟಿಯಾಗಿ ನನ್ನನ್ನು ಹಿಡಿಯಿತು. ನಾವು ಬಿದ್ದರೆ, ಆ ತೂತಿನ ಕಥೆ ಯಾರಿಗೂ ಗೊತ್ತಾಗುವುದಿಲ್ಲ. ಮೋಡದಲ್ಲಿ ಏರು ಎಂದವರು, ಪರದೆ ಕಿತ್ತು ತಗಡು ಕೂರಿಸಿದವರು, ಒರೆಸದೆ ಬಿಟ್ಟವರು ಎಲ್ಲರೂ ಮರೆಗೆ ಸರಿಯುತ್ತಾರೆ. ಉಳಿಯುವುದು ಒಂದೇ ವಾಕ್ಯ: ಗಂಡನಿಲ್ಲದವಳ ಕೈಯಿಂದ ಕುಂಕುಮ ಹಚ್ಚಿಸಿದರು, ವಿಮಾನ ಬಿತ್ತು. ಮಗಳನ್ನೂ ಮೈದುನನನ್ನೂ ತಾನೇ ಕೊಂದೆ ಎಂದು ಅವ್ವ ಉಳಿದ ಆಯುಷ್ಯವೆಲ್ಲ ನಂಬುತ್ತಾಳೆ. ಅವಳ ಪರವಾಗಿ ವಾದಿಸಲು ಅಲ್ಲಿ ಯಾರೂ ಇರುವುದಿಲ್ಲ. ಕೆಳಗೆ ಇಳಿಯಲೇಬೇಕಿತ್ತು. ಬಿಳಿ ಕಿಟಕಿಯನ್ನು ನೋಡುತ್ತ ನಾನು ಅವ್ವಾ ಅವ್ವಾ ಎಂದು ಗಟ್ಟಿಯಾಗಿ ಅನ್ನುತ್ತಿದ್ದೆನಂತೆ. ಕಾಕಾ ಆಮೇಲೆ ಹೇಳಿದರು.

“ಗಾಜು ಒಡಿ,” ಎಂದರು ಕಾಕಾ. “ಏರಿಳಿತದ್ದು, ಕೆಳಗಿಂದು. ಅದು ಸತ್ರ ಸಾಯಲಿ. ಒಳಗಿನ ಗಾಳಿ ಅದರಾಗ ಹಾದು ಉಳಿದೆರಡಕ್ಕ ಮುಟ್ಟತೈತಿ. ಹಗುರಕ ಹೊಡಿ. ಬಾಜೂಕಿಂದು ಒಡದ್ರ ನಮ್ಮ ಕತಿ ಮುಗೀತು.”

ಯಾವುದರಿಂದ ಒಡೆಯಲಿ? ಕಾಲಲ್ಲಿ ಚಪ್ಪಲಿಯಿಲ್ಲ. ಸಿಲಿಂಡರಿನ ಹಿಡಿಕೆ ಖಾಲಿ. ಸೀಟಿನ ಕೆಳಗೆ ತಡಕಿದರೆ ಸಲಕರಣೆಯ ಚೀಲವೂ ಇಲ್ಲ. ಪೂಜೆಗೆ ಒಳಗೆಲ್ಲ ಚೊಕ್ಕ ಕಾಣಲೆಂದು ತೆಗೆದಿಟ್ಟಿದ್ದರು. ಮೊದಲು ಮುಷ್ಟಿಯಿಂದ ಗುದ್ದಿದೆ. ಗಾಜು ಅಲುಗಲಿಲ್ಲ, ಬೆರಳ ಗೆಣ್ಣು ಸುಲಿಯಿತು. ಮತ್ತೆ ಗುದ್ದಿದೆ. ಅಷ್ಟರಲ್ಲಿ ವಿಮಾನ ಒಮ್ಮೆ ಕುಸಿದು ಎದ್ದಿತು, ಹಿಂದಿನ ಸೀಟಿನಿಂದ ಏನೋ ಉರುಳಿ ನನ್ನ ಮೊಣಕೈಗೆ ಬಡಿಯಿತು. ಪ್ರಸಾದಕ್ಕೆಂದು ಇಟ್ಟಿದ್ದ ಕಾಯಿಯ ಅರ್ಧ ಹೋಳು. ಅದರ ಚಿಪ್ಪಿನ ಚೂಪು ಅಂಚನ್ನು ಗಾಜಿಗೆ ಗುರಿಯಿಟ್ಟು ಹೊಡೆದೆ. ಎರಡನೆಯ ಏಟಿಗೆ ಸೀಳಿತು, ಮೂರನೆಯದಕ್ಕೆ ಒಳಗೆ ಬಿತ್ತು. ಇದರಲ್ಲಿ ದೈವದ ಕೈಯನ್ನು ಕಾಣುವವರಿದ್ದಾರೆ. ಒಂದು ಪಾನಾ, ಬರೀ ಒಂದು ಸ್ಪ್ಯಾನರು, ಇದ್ದಿದ್ದರೆ ಮೊದಲ ಏಟಿಗೇ ಒಡೆಯುತ್ತಿತ್ತು. ಪಾನಾ ಇರಬೇಕಿತ್ತು.

ಎತ್ತರದ ಮುಳ್ಳು ಕದಲಿತು.

ಅದು ಕೆಳಗೆ ಹೋಗತೊಡಗಿತು. ನಾವು ಇಳಿಯುತ್ತಿರಲಿಲ್ಲ, ಅಷ್ಟು ಹೊತ್ತು ಮುಚ್ಚಿಟ್ಟ ನಿಜವನ್ನು ಅದು ಈಗ ನಿಧಾನವಾಗಿ ಒಪ್ಪಿಕೊಳ್ಳುತ್ತಿತ್ತು. ಇಳಿಯಿತು, ಇಳಿಯಿತು. ಇನ್ನು ನಿಲ್ಲಬಹುದು ಎಂದುಕೊಂಡೆ. ನಿಲ್ಲಲಿಲ್ಲ. ನಮ್ಮ ರನ್‌ವೇಯ ಎತ್ತರ ನನಗೆ ಬಾಯಿಪಾಠವಿತ್ತು. ಮುಳ್ಳು ಅದರ ಕಡೆಗೇ ಹೊರಟಿತ್ತು. ಬೆಟ್ಟದ ತುದಿಗಿಂತ ಒಂದಿಷ್ಟೇ ಮೇಲೆ ಬಂದು ನಿಂತಿತು.

“ಒಳಗಿನ ಗಾಳಿ ಹೊರಗಿನಕಿಂತ ತೆಳು ಇರತೈತಿ,” ಎಂದರು ಕಾಕಾ, ತರಗತಿಯಲ್ಲಿ ಹೇಳುವ ದನಿಯಲ್ಲೇ. “ಮುಳ್ಳು ತೋರಸೂದಕಿಂತ ಇನ್ನೂ ಕೆಳಗ ಅದೇವಿ ಅಂತ ತಿಳಕೋ.”

ಎಷ್ಟು ಕೆಳಗೆ? ಅದನ್ನು ಹೇಳುವ ಮುಳ್ಳು ಯಾವುದೂ ಇರಲಿಲ್ಲ. ಅವರು ಥ್ರಾಟಲನ್ನು ಪೂರ್ತಿ ಒತ್ತಿದರು. ಮೂತಿಯನ್ನು ದಿಗಂತದ ಗೆರೆಗಿಂತ ಒಂದು ಬೆರಳು ಮೇಲಿಟ್ಟು, ವೇಗದ ಮುಳ್ಳನ್ನು ಅರ್ಧ ಮಾತ್ರ ನಂಬಿ, ಇಂಜಿನ್ನಿನ ದನಿಯನ್ನು ಪೂರ್ತಿ ನಂಬಿ ಏರಿದರು. ಬೆಟ್ಟ ಎಡಕ್ಕಿತ್ತೋ ಬಲಕ್ಕಿತ್ತೋ ತಿಳಿಯದು. ಟವರಿನ ತುದಿಯ ಕೆಂಪು ದೀಪ ಈಗ ಕಂಡೀತು, ಈಗ ಕಂಡೀತು ಎಂದು ಬಿಳಿಯನ್ನು ನೋಡುತ್ತಿದ್ದೆ. ಕಂಡರೆ ಆಗಲೇ ತಡವಾಗಿರುತ್ತದೆ ಎಂಬುದೂ ಗೊತ್ತಿತ್ತು. ನನ್ನ ರಕ್ತ ಮುಂಗೈಯಿಂದ ಇಳಿದು ಸೀರೆಯ ಅಂಚಿಗೆ ಹತ್ತಿತ್ತು. ಅದೂ ಕುಂಕುಮದಂತೆಯೇ ಕಂಡಿತು. ಆ ಹೋಲಿಕೆ ಬಂದದ್ದಕ್ಕೇ ಅಸಹ್ಯವಾಯಿತು.

“ಈಶಾನ್ಯಕ್ಕ ಹೋಗೂಣು,” ಎಂದರು ಕಾಕಾ. “ನವಲಗುಂದದ ಕಡೆ. ಅಲ್ಲಿ ಗುಡ್ಡ ಇಲ್ಲ, ಬರೇ ಎರಿ ಹೊಲ. ಇಳದ್ರ ಅಲ್ಲೇ ಇಳೀಬೇಕು. ನೀ ಬರೇ ಎತ್ತರ ಓದತಾ ಇರು. ಬಾಯಿ ಬಿಟ್ಟು, ಗಟ್ಟಿಯಾಗಿ ಓದು.”

ದಿಕ್ಸೂಚಿ ಈಶಾನ್ಯಕ್ಕೆ ಬಂದು ನಿಂತಿತು. ಬಹಳ ಹೊತ್ತು ಹಾಗೆಯೇ ಹೋದೆವು. ಆಮೇಲೆ ಅವರು ಇಂಜಿನ್ನಿನ ಸುತ್ತು ತಗ್ಗಿಸಿ, ಇಳಿಯುವಾಗ ಇರಬೇಕಾದ ಸದ್ದಿಗೆ ತಂದು, ಮೂತಿಯನ್ನು ಹಾಗೆಯೇ ಹಿಡಿದರು. ನಾನು ಎತ್ತರ ಓದುತ್ತ ಹೋದೆ. ಓದಿದ ಅಂಕಿಯಿಂದ ಇಷ್ಟನ್ನು ಕಳೆಯಬೇಕು ಎಂದು ಇಬ್ಬರೂ ಮನಸ್ಸಿನಲ್ಲಿ ಕಳೆಯುತ್ತಿದ್ದೆವು. ಎಷ್ಟು ಕಳೆಯಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಒಂದು ಹಂತದಲ್ಲಿ ನನ್ನ ದನಿ ನಿಂತುಹೋಯಿತು. “ಓದ ತಂಗಿ,” ಎಂದರು. ಓದಿದೆ. ಮತ್ತೆ ನಿಂತಿತು. “ಓದವಾ.” ಇನ್ನು ಒಂದು ಅಂಕಿ ಓದಿದರೆ ಅದು ನೆಲದ್ದೇ ಆಗಿರುತ್ತದೆ ಎನ್ನಿಸಿದಾಗ, ಬಿಳಿಯ ತಳದಲ್ಲಿ ಒಂದು ಕಪ್ಪು ಕಲೆ ಕಂಡು ಮಾಯವಾಯಿತು. ಆಮೇಲೆ ಇನ್ನೊಂದು. ಆಮೇಲೆ ಕಾಲ ಕೆಳಗೆ, ಬಹಳ ಹತ್ತಿರದಲ್ಲಿ, ಒದ್ದೆ ಕರಿ ನೆಲ, ಹತ್ತಿಯ ಸಾಲು, ಕಾಲುವೆಯ ನೇರ ಗೆರೆ, ರಸ್ತೆಯ ಮೇಲೆ ದೀಪ ಹಚ್ಚಿಕೊಂಡು ಹೊರಟ ಒಂದು ಕೆಂಪು ಬಸ್ಸು.

ಬಸ್ಸು ಹುಬ್ಬಳ್ಳಿಯ ಕಡೆಗೆ ಹೊರಟಿತ್ತು. ಕಾಕಾ ಅದರ ರಸ್ತೆಯನ್ನು ಹಿಡಿದು, ಮೋಡಕ್ಕೂ ವಿದ್ಯುತ್ ಕಂಬಗಳಿಗೂ ನಡುವೆ ಉಳಿದಿದ್ದ ಸಂದಿಯಲ್ಲಿ ವಿಮಾನವನ್ನು ರನ್‌ವೇಗೆ ತಂದರು. ಇಳಿದಾಗ ಅದು ಎರಡು ಸಲ ಪುಟಿಯಿತು. ಅವರು ಇಷ್ಟು ಕೆಟ್ಟದಾಗಿ ಇಳಿಸಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಅವ್ವ ಶೆಡ್ಡಿನ ಮುಂದೆ, ನಾವು ಬಿಟ್ಟುಹೋದ ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದಳು. ಮೊಬೈಲನ್ನು ಇನ್ನೂ ಎತ್ತಿ ಹಿಡಿದಿದ್ದಳು. ಅಷ್ಟು ಹೊತ್ತೂ ಅದು ವಿಡಿಯೋ ತೆಗೆಯುತ್ತಲೇ ಇತ್ತು. ಆಮೇಲೆ ನೋಡಿದರೆ ಅದರಲ್ಲಿ ಬಿಳಿ ಆಕಾಶ, ಅವಳ ಉಸಿರಾಟ, ಮತ್ತು ಹಿಂದಿನಿಂದ ಹೆಂಗಸರ ಗುಸುಗುಸು. ಆ ಗುಸುಗುಸುವಿನ ಮಾತುಗಳು ಸ್ಪಷ್ಟವಾಗಿವೆ. ನಾನು ಅವನ್ನು ಅಳಿಸಿಲ್ಲ.

ನಾವು ಇಳಿದು ನಿಂತಾಗ ಅಧ್ಯಕ್ಷರ ಹೆಂಡತಿ ಯಾರಿಗೂ ಅಲ್ಲವೆಂಬಂತೆ, ಎಲ್ಲರಿಗೂ ಕೇಳುವಂತೆ ಹೇಳಿದರು: “ನಾ ಮೊದಲ ಹೇಳಿದ್ನಿಲ್ಲೋ? ಕೈಗುಣ ಅಂತ ಇರತೈತ್ರಿ. ದೇವರು ದೊಡ್ಡಾಂವ, ಜೀವ ಉಳಸಿದ.”

ಅವ್ವನ ಕೈ ಇಳಿಯಿತು. ನಾನು ಕಾಕಾನ ಕಡೆ ನೋಡಿದೆ. ಅವರು ಬಗ್ಗಿ ಚಕ್ರಕ್ಕೆ ಅಡ್ಡ ಕಟ್ಟಿಗೆ ಇಡುತ್ತಿದ್ದರು. ಇಟ್ಟ ಮೇಲೂ ಏಳಲಿಲ್ಲ.

“ಕಾಕಾ, ಹೇಳ್ರಿ.”

ಮೋಡದೊಳಗೆ ನನಗೆ ಓದು, ಓದು ಎಂದ ಮನುಷ್ಯ, ಹಿತ್ತಲ ಬಾಗಿಲಲ್ಲಿ ಇದ್ದ ಹಾಗೆಯೇ ಮತ್ತೆ ಸುಮ್ಮನಾಗಿಬಿಟ್ಟರು. ಅವರನ್ನು ನಾನು ತಂದೆಯಷ್ಟೇ ಪ್ರೀತಿಸುತ್ತೇನೆ. ಆದರೂ ಹೇಳಲೇಬೇಕಿತ್ತು. “ಕುಂಕುಮ ಯಾರು ಹಚ್ಚಿದ್ರೂ ತೂತು ಮುಚ್ಚತಿತ್ತು. ನೀವು ಹಚ್ಚಿದ್ರೂ ಮುಚ್ಚತಿತ್ರಿ,” ಎಂದು ಆಕೆಗೆ ಹೇಳಿದೆ. “ಹಾರೂಕಿಂತ ಮೊದಲ ಅದನ್ನ ನೋಡಿ ಒರಸೂದು ಹಾರಿಸುವವರ ಕೆಲಸ. ಕಾಕಾ ನೋಡಿದ್ರು. ಒರಸಲಿಲ್ಲ. ಈ ಮೋಡದಾಗ ಏರ್ರಿ ಅಂದವರು ನಿಮ್ಮ ಯಜಮಾನರು.”

ಆಮೇಲೆ ಕಾಕಾ ಎದ್ದರು. “ಖರೇ ಐತಿ,” ಎಂದರು, ಹೆಚ್ಚುಕಡಿಮೆ ಕೇಳಿಸದಂತೆ.

ಅವ್ವ ಅಧ್ಯಕ್ಷರ ಹೆಂಡತಿಯ ಕಡೆ ನೋಡಲೇ ಇಲ್ಲ. “ಯಾವ ತೂತು? ತೋರಸು,” ಎಂದಳು. ಕಾಕಾ ತೋರಿಸಿದರು. ಬಿಲ್ಲೆಯ ಮೇಲೆ ಬೊಟ್ಟು ಕರಗಿ, ಕೆಂಪು ಕೆಸರಾಗಿ ಹಿಂದಕ್ಕೆ ಹರಿದಿತ್ತು. ಅವ್ವ ಬಹಳ ಹೊತ್ತು ನೋಡಿದಳು.

“ನೀ ಯಾಕ ಒರಸಲಿಲ್ಲಪಾ?”

“ನೀವು ಹಚ್ಚಿದ್ದು ವೈನಿ. ನನ್ನ ಕೈಲೆ ಆಗಲಿಲ್ಲ.”

“ಅವತ್ತ ಒರಸೂ ಮುಂದ ನೀ ತಡೀಬೇಕಿತ್ತು,” ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಇವತ್ತ ಒರಸಬೇಕಿತ್ತು.”

ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಬಿಲ್ಲೆಯನ್ನು ತಾನೇ ಒರೆಸಿದಳು. ಸೀರೆಯ ಪಿನ್ನು ಬಿಚ್ಚಿ ತೂತಿನೊಳಗೆ ಹಾಕಹೋದಾಗ ಕಾಕಾ ತಡೆದು, “ಚುಚ್ಚಬಾರದ್ರಿ, ಒಳಗ ಹೋಗತೈತಿ. ಮೆಕ್ಯಾನಿಕ್ ಬಂದು ನೋಡಲಿ,” ಎಂದರು. ಅವ್ವ ಪಿನ್ನನ್ನು ಮರಳಿ ಸೆರಗಿಗೆ ಹಾಕಿಕೊಂಡಳು. ವಿಮಾನದ ಮೇಲಿನ ಉಳಿದ ಬೊಟ್ಟುಗಳು ಮೋಡದಲ್ಲಿ ತೊಳೆದುಹೋಗಿದ್ದವು.

ಮರುದಿನ ವಿಜಯದಶಮಿ. ನಮ್ಮಲ್ಲಿ ಬನ್ನಿ ಎಲೆ ಹಂಚಿಕೊಳ್ಳುವ ಸಂಜೆ. ಮಾತು ಆಗಲೇ ನಾವಿರುವ ಕೇಶ್ವಾಪುರಕ್ಕೆ ತಲುಪಿತ್ತು. ಪ್ರತಿ ವರ್ಷ ಒಳಗೆ ಬಂದು ಅವ್ವನ ಕಾಲು ಮುಟ್ಟುತ್ತಿದ್ದ ಓಣಿಯ ಹೆಣ್ಣುಮಕ್ಕಳು ಗೇಟಿನ ಬಳಿಯೇ ನಿಂತು ಬನ್ನಿಯನ್ನು ನನ್ನ ಕೈಗೆ ಕೊಟ್ಟು ಹೋದರು. ಅವರನ್ನು ನಿಲ್ಲಿಸಿ ತೂತಿನ, ಒತ್ತಡದ, ಮುಳ್ಳಿನ ಕಥೆಯನ್ನು ವಿವರಿಸಿದೆ. ಕೇಳಿದರು, ತಲೆಯಾಡಿಸಿದರು. ಒಳಗೆ ಮಾತ್ರ ಬರಲಿಲ್ಲ. ನಾವು ಬದುಕಿ ಬಂದಿದ್ದೆವು, ವಾದಿಸಲು ನಾನಿದ್ದೆ. ಬದುಕಿ ಬಂದರೆ ಸಾಕೆಂದು ಮೋಡದೊಳಗೆ ಅಂದುಕೊಂಡಿದ್ದೆನಲ್ಲ, ಅದು ಸಾಲದಾಗಿತ್ತು.

ಕ್ಲಬ್ಬಿನ ಸಭೆಯಲ್ಲಿ ನಾನು ಎಲ್ಲವನ್ನೂ ಹೇಳಿದೆ: ಕಿತ್ತ ಪರದೆ, ಖಾಲಿ ಹಿಡಿಕೆ, ಇಲ್ಲದ ಎರಡನೆಯ ದಾರಿ, ಮುಹೂರ್ತದ ಒತ್ತಾಯ. ಕಾಕಾ ಎದ್ದು ನಿಂತು ತಮ್ಮ ತಪ್ಪನ್ನು ತಾವೇ ಹೇಳಿದರು, ಈ ಸಲ ಗಟ್ಟಿಯಾಗಿ. ಎಲ್ಲರೂ ಗಂಭೀರವಾಗಿ ಕೇಳಿ ಒಂದು ನಿರ್ಣಯ ಮಾಡಿದರು: ಮುಂದಿನ ವರ್ಷದಿಂದ ಪೂಜೆಯನ್ನು ಮುತ್ತೈದೆಯರೇ ಮಾಡತಕ್ಕದ್ದು. ಬದಲಾದದ್ದು ಕೈ ಒಂದೇ. ತಗಡಿನ ತುಂಡು ಇವತ್ತಿಗೂ ಅದೇ ಜಾಗದಲ್ಲಿದೆ. ಆ ನಿರ್ಣಯದ ವಿರುದ್ಧ ನಾನು ಬರೆಯುತ್ತಲೇ ಇದ್ದೇನೆ, ಇದನ್ನೂ ಸೇರಿಸಿ.

ಅವ್ವ ಕರಡಿಗೆಯನ್ನು ಮತ್ತೆ ಟ್ರಂಕಿನಡಿಗೆ ಸೇರಿಸಿದಳು. ತೆಗೆ ಎಂದು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: “ನೀ ಹೇಳೂದು ಖರೇ ಐತಿ. ಖರೇ ಅಂತ ಗೊತ್ತಾದ ಮ್ಯಾಲೂ ಕೈ ಒಲ್ಲೆ ಅಂತೈತಿ.”

ಈ ವರ್ಷ ಖಂಡೇನವಮಿಗೆ ಅವಳು ಬರಲಿಲ್ಲ. ಆದರೆ ಕಳೆದ ವಾರ, ಯಾವ ಹಬ್ಬವೂ ಇಲ್ಲದ ದಿನ, ನಾನು ಹೊರಟಾಗ ತಾನೂ ಬರುತ್ತೇನೆಂದಳು. ಆಕಾಶ ತಿಳಿಯಾಗಿತ್ತು. ರನ್‌ವೇ ಬಳಿ ಇಳಿದವಳೇ ವಿಮಾನದ ಎಡ ಮಗ್ಗುಲಿಗೆ ಹೋಗಿ, ಮಂಡಿಯ ಮೇಲೆ ಕೈಯೂರಿ ಬಗ್ಗಿ, ಬಿಲ್ಲೆಯ ತೂತಿಗೆ ಕಣ್ಣು ಹತ್ತಿರ ತಂದಳು. ಆಮೇಲೆ ಕಾಕಾನನ್ನು ಕರೆದಳು.

“ಬಾ ಇಲ್ಲೆ. ನೀನೂ ನೋಡು.”

ಕಾಕಾ ಬಂದು ಪಕ್ಕದಲ್ಲಿ ಬಗ್ಗಿದರು.

“ತೂತು ಕಾಣತೈತೇನು?”

“ಕಾಣತೈತ್ರಿ ವೈನಿ.”

“ಛಲೋತಂಗ ನೋಡು.”

ಅವರು ಮತ್ತೊಮ್ಮೆ ನೋಡಿದರು. ಹೊಳೆಯುವ ಬಿಲ್ಲೆಯ ಮೇಲೆ ಏನೂ ಇರಲಿಲ್ಲ. ಅದರ ಪಕ್ಕದಲ್ಲಿದ್ದ ಅವ್ವನ ಹಣೆಯ ಮೇಲೂ ಏನೂ ಇರಲಿಲ್ಲ. ನಾನು ಹತ್ತಿ ಕುಳಿತು, ಬಾಗಿಲು ಹಾಕಿಕೊಂಡೆ.